ಎಡಿಎಚ್‌ಡಿ ಇರುವ ಮಗುವನ್ನು ಶಾಲೆ ಬಿಡಿಸಿ ಮನೆಯಲ್ಲೇ ಓದಿಸಬಹುದೇ?

ಶಾಲೆಯಿಂದ ವಾರಕ್ಕೊಂದು ದೂರು, ಅರ್ಧಕ್ಕೇ ನಿಂತ ನೋಟ್‌ಬುಕ್‌ಗಳು, ಬೆಳಿಗ್ಗೆ ಎದ್ದರೆ ಹೊಟ್ಟೆನೋವೆಂದು ಅಳುವ ಮಗು. ಇಷ್ಟಾದ ಮೇಲೆ ಮನೆಯಲ್ಲೇ ಕಲಿಸೋಣ ಎಂದು ಪಾಲಕರಿಗೆ ಅನ್ನಿಸುವುದು ಸಹಜ. ಕೆಲಸಕ್ಕಾಗಿ ಕರ್ನಾಟಕದಿಂದ ಅಹಮದಾಬಾದ್, ವಡೋದರಾ, ಸೂರತ್‌ಗೆ ಬಂದ ಕುಟುಂಬಗಳಿಗೆ ಈ ತೀರ್ಮಾನ ಇನ್ನೂ ಕಷ್ಟ. ನೆರವಿಗೆ ಅಜ್ಜ-ಅಜ್ಜಿ ಹತ್ತಿರದಲ್ಲಿರುವುದಿಲ್ಲ.

ತೊಂದರೆ ಎಲ್ಲಿದೆ?

ಗಮನ ನಿಲ್ಲದಿರುವುದು, ಅತಿಯಾದ ಚಟುವಟಿಕೆ, ಯೋಚಿಸುವ ಮೊದಲೇ ಮಾಡಿಬಿಡುವುದು ಎಡಿಎಚ್‌ಡಿಯ ಲಕ್ಷಣಗಳು. ಇವು 12 ವರ್ಷಕ್ಕೆ ಮೊದಲೇ ಶುರುವಾಗಿ, ಕನಿಷ್ಠ ಆರು ತಿಂಗಳು ಮುಂದುವರಿದು, ಮನೆ-ಶಾಲೆ ಎರಡೂ ಕಡೆ ಕಾಣಿಸಿದರೆ ಮಾತ್ರ ವೈದ್ಯರು ಎಡಿಎಚ್‌ಡಿ ಎನ್ನುತ್ತಾರೆ. ಪಾಲಕರು ಮುಖ್ಯವಾಗಿ ಗಮನಿಸಬೇಕಾದ ಮಾತು ಇದೇ. ತೊಂದರೆ ಶಾಲೆಯಲ್ಲಿ ಮಾತ್ರ ಇದ್ದರೆ ಬೇರೆ ಕಾರಣ ಹುಡುಕಬೇಕು: ಕಿವಿ, ಕಣ್ಣು, ಓದು-ಬರಹದ ಕಲಿಕಾ ನ್ಯೂನತೆ, ಸಹಪಾಠಿಗಳ ಕಿರುಕುಳ, ಅಥವಾ ಭಾಷೆ. ಗುಜರಾತ್ 2023ರಲ್ಲಿ ತಂದ ಕಾನೂನಿನಂತೆ 1ರಿಂದ 8ನೇ ತರಗತಿವರೆಗೆ ಸಿಬಿಎಸ್‌ಇ ಸೇರಿದಂತೆ ಎಲ್ಲ ಶಾಲೆಗಳಲ್ಲೂ ಗುಜರಾತಿ ಕಡ್ಡಾಯ. ಮನೆಯಲ್ಲಿ ಕನ್ನಡ ಮಾತಾಡುವ ಮಗು ಇಂಗ್ಲಿಷ್, ಹಿಂದಿ, ಗುಜರಾತಿ ಮೂರನ್ನೂ ಒಟ್ಟಿಗೆ ಎದುರಿಸುವಾಗ ಕಿಟಕಿಯಾಚೆ ನೋಡುತ್ತ ಕೂತರೆ ಅದನ್ನೆಲ್ಲ ಎಡಿಎಚ್‌ಡಿ ಎನ್ನಲಾಗದು.

ಇನ್ನು ನಿಜವಾಗಿ ಎಡಿಎಚ್‌ಡಿ ಇದ್ದರೆ, ಶಾಲೆ ಬಿಟ್ಟ ಮಾತ್ರಕ್ಕೆ ಅದು ಹೋಗುವುದಿಲ್ಲ, ಮನೆಯೊಳಗೂ ಇರುತ್ತದೆ. ಮನೆಪಾಠ ಕಲಿಕೆಯ ಒಂದು ವ್ಯವಸ್ಥೆಯೇ ಹೊರತು ಚಿಕಿತ್ಸೆಯಲ್ಲ.

ಕಾನೂನು ಏನು ಹೇಳುತ್ತದೆ?

2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳನ್ನು ಶಾಲೆಗೆ ಸೇರಿಸುವುದು ಪಾಲಕರ ಕರ್ತವ್ಯ ಎನ್ನುತ್ತದೆ, ಆದರೆ ಸೇರಿಸದಿದ್ದರೆ ಶಿಕ್ಷೆ ಹೇಳಿಲ್ಲ. ಹೋಮ್‌ಸ್ಕೂಲಿಂಗ್ ನಡೆಯುತ್ತಿರುವುದು ಈ ನಡುವಿನ ಜಾಗದಲ್ಲಿ. ಇದೇ ಕಾಯ್ದೆ ನಿಮ್ಮ ಪರವಾಗಿಯೂ ಇದೆ. ಪ್ರಾಥಮಿಕ ಶಿಕ್ಷಣ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ, ಹೊಡೆಯುವುದೂ ಮಾನಸಿಕ ಹಿಂಸೆ ಕೊಡುವುದೂ ನಿಷಿದ್ಧ. “ನೀವೇ ಟಿಸಿ ತೆಗೆದುಕೊಂಡು ಹೋಗಿ” ಎಂದು ಯಾರಾದರೂ ಒತ್ತಾಯಿಸಿದರೆ ಅವಸರದಲ್ಲಿ ಸಹಿ ಹಾಕಬೇಡಿ. ಬಿಡಿಸಿದ ಮೇಲೂ ದಾರಿ ಮುಚ್ಚುವುದಿಲ್ಲ, ವಯಸ್ಸಿಗೆ ತಕ್ಕ ತರಗತಿಗೆ ಮತ್ತೆ ಸೇರಿಸುವ ಅವಕಾಶವಿದೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ನ್ಯೂನತೆಗಳಲ್ಲಿ ಎಡಿಎಚ್‌ಡಿ ಹೆಸರಿಲ್ಲ. ನಿರ್ದಿಷ್ಟ ಕಲಿಕಾ ನ್ಯೂನತೆಯ ಹೆಸರಿದೆ. ಎರಡೂ ಒಂದೇ ಮಗುವಿನಲ್ಲಿರುವುದು ಸಾಮಾನ್ಯ. ಹಾಗಾಗಿ ಕಲಿಕಾ ಪರೀಕ್ಷೆಯನ್ನೂ ಮಾಡಿಸಿ.

ಪರೀಕ್ಷೆಗೆ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ, ಅಂದರೆ ಎನ್‌ಐಒಎಸ್ ಇದೆ. ಅದರ ಎ, ಬಿ, ಸಿ ಹಂತಗಳು 3, 5, 8ನೇ ತರಗತಿಗೆ ಸಮ. 14 ತುಂಬಿದವರು ಹತ್ತನೆಯದಕ್ಕೆ ನೋಂದಾಯಿಸಬಹುದು. ನೋಂದಣಿ ಐದು ವರ್ಷ ನಡೆಯುತ್ತದೆ, ವಿಷಯಗಳನ್ನು ಒಂದೊಂದಾಗಿ ಮುಗಿಸಬಹುದು. ಒಂದೇ ಸಲಕ್ಕೆ ಆರು ಪರೀಕ್ಷೆ ಎಂದರೆ ಬೆದರುವ ಮಗುವಿಗೆ ಇದು ದೊಡ್ಡ ಅನುಕೂಲ.

ಔಷಧದ ಮಾತು

ಫಾರ್ಮಸಿಸ್ಟ್ ಆಗಿ ಇದನ್ನು ಒತ್ತಿ ಹೇಳುತ್ತೇನೆ. “ಈಗ ಶಾಲೆಯೇ ಇಲ್ಲವಲ್ಲ” ಎಂದು ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ಮೀಥೈಲ್‌ಫೆನಿಡೇಟ್‌ನ ಸಾಧಾರಣ ಮಾತ್ರೆ ಸುಮಾರು ನಾಲ್ಕು ಗಂಟೆ ಕೆಲಸ ಮಾಡುತ್ತದೆ, ನಿಧಾನವಾಗಿ ಬಿಡುಗಡೆಯಾಗುವುದು ಅದಕ್ಕಿಂತ ಹೆಚ್ಚು ಹೊತ್ತು. ಪಾಠದ ವೇಳೆ ಬದಲಾದರೆ ಮಾತ್ರೆಯ ವೇಳೆಯನ್ನೂ ವೈದ್ಯರೊಡನೆ ಮಾತಾಡಿ ಬದಲಿಸಿಕೊಳ್ಳಿ. ಹಸಿವು ಕಡಿಮೆಯಾಗಬಹುದು, ತೂಕ, ಎತ್ತರ, ನಾಡಿ, ರಕ್ತದೊತ್ತಡವನ್ನು ಆಗಾಗ ನೋಡಿಸಬೇಕು. ಆಟೊಮಾಕ್ಸೆಟಿನ್‌ನ ಪೂರ್ಣ ಪರಿಣಾಮ ಕಾಣಲು ಕೆಲವು ವಾರ ಬೇಕು, “ನಾಲ್ಕು ದಿನದಲ್ಲಿ ಏನೂ ಆಗಲಿಲ್ಲ” ಎಂದು ಕೈಬಿಡಬೇಡಿ.

ಮೀಥೈಲ್‌ಫೆನಿಡೇಟ್ ಷೆಡ್ಯೂಲ್ ಎಕ್ಸ್ ಔಷಧ. ವಿಶೇಷ ಪರವಾನಗಿ ಇರುವ ಅಂಗಡಿಯಲ್ಲಷ್ಟೇ ಸಿಗುತ್ತದೆ. ವೈದ್ಯರ ಚೀಟಿ ಎರಡು ಪ್ರತಿ ಬೇಕು, ಒಂದನ್ನು ಅಂಗಡಿಯವರು ಇಟ್ಟುಕೊಳ್ಳುತ್ತಾರೆ. ಊರಿಗೆ ಹೊರಡುವ ಮುನ್ನ ದಾಸ್ತಾನು ಲೆಕ್ಕ ಹಾಕಿ.

ಮೊದಲು ಪ್ರಯೋಗ ಮಾಡಿ

ಟಿಸಿಗೆ ಮೊದಲು ಶಾಲೆಗೆ ಬರವಣಿಗೆಯಲ್ಲಿ ಕೇಳಿ: ಮುಂದಿನ ಬೆಂಚು, ಒಂದು ಸಲಕ್ಕೆ ಒಂದೇ ಸೂಚನೆ, ತುಂಡು ತುಂಡು ಮಾಡಿದ ಹೋಮ್‌ವರ್ಕ್, ನಡುವೆ ಎದ್ದು ಓಡಾಡಲು ಬಿಡುವು. ಕೆಲವು ವಾರ ಕಾದು ನೋಡಿ.

ಗುಜರಾತ್ ಮಂಡಳಿಯ ಶಾಲೆಗಳಿಗೆ ದೀಪಾವಳಿಗೆ ಮೂರು ವಾರ ರಜೆ. ಹಬ್ಬದ ನಾಲ್ಕು ದಿನ ಬಿಟ್ಟು ಉಳಿದ ದಿನಗಳಲ್ಲಿ ದಿನಕ್ಕೆರಡು ಗಂಟೆ, 15-20 ನಿಮಿಷದ ತುಂಡುಗಳಲ್ಲಿ ಪಾಠ ಮಾಡಿ ನೋಡಿ. ಎಷ್ಟು ಹೊತ್ತು ಕೂತ, ಎಷ್ಟು ಸಲ ಜಗಳವಾಯಿತು, ಬರೆದಿಡಿ. ಪಾಠ ಹೇಳುವವರು ಯಾರು ಎಂಬುದೂ ಆಗಲೇ ತಿಳಿಯುತ್ತದೆ. ಬಹಳ ಮನೆಗಳಲ್ಲಿ ಅದು ತಾಯಿಯ ಪಾಲಿಗೆ, ಆಕೆಯ ಕೆಲಸ ಬಿಡಿಸಿಯೇ ಬರುತ್ತದೆ. ಇದನ್ನು ಗಂಡ-ಹೆಂಡತಿ ಇಬ್ಬರೂ ಬಾಯಿಬಿಟ್ಟು ಮಾತಾಡಿಕೊಳ್ಳಬೇಕು. ಎಡಿಎಚ್‌ಡಿ ಕುಟುಂಬಗಳಲ್ಲಿ ಹರಿದು ಬರುವಂಥದ್ದು. ಪಾಠ ಹೇಳುವ ಪಾಲಕರಿಗೇ ಅದಿದ್ದರೆ ವೇಳಾಪಟ್ಟಿ ಒಂದೇ ವಾರದಲ್ಲಿ ಕುಸಿಯಬಹುದು. ಪಕ್ಕದ ಸೊಸೈಟಿಯ ಮಕ್ಕಳೊಡನೆ ದಿನವೂ ಆಟ ಸಿಗುತ್ತದೆಯೇ ಎಂಬುದನ್ನೂ ನೋಡಿ.

ಎಲ್ಲಿ ತೋರಿಸಬೇಕು?

ಅಹಮದಾಬಾದ್‌ನ ಅಸಾರ್ವಾ ಸಿವಿಲ್ ಆಸ್ಪತ್ರೆ, ವಡೋದರಾದ ಎಸ್‌ಎಸ್‌ಜಿ ಆಸ್ಪತ್ರೆ, ಸೂರತ್‌ನ ನ್ಯೂ ಸಿವಿಲ್ ಆಸ್ಪತ್ರೆಗಳಲ್ಲಿ ಮನೋವೈದ್ಯ ವಿಭಾಗಗಳಿವೆ. ಶಾಲೆಯ ವರದಿ, ನೋಟ್‌ಬುಕ್, ಹಳೆಯ ಚೀಟಿಗಳನ್ನು ಜೊತೆಗೆ ಒಯ್ಯಿರಿ. ಕನ್ನಡದಲ್ಲೇ ಮಾತಾಡಬೇಕೆನಿಸಿದರೆ ಸರ್ಕಾರದ ಉಚಿತ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಭಾಷೆಯ ಆಯ್ಕೆಯಲ್ಲಿ ಕನ್ನಡ ಇದೆ.