ಪೊಳಲಿ, ಪುರಲ್ ಮತ್ತು ರಾಜ್ಯದ ಗಡಿ

ಫಲ್ಗುಣಿ ನದಿಯ ದಡದಲ್ಲಿರುವ ಪೊಳಲಿಗೆ ತುಳುವರು ‘ಪುರಲ್’ ಎನ್ನುತ್ತಾರೆ. ಅಲ್ಲಿಯ ರಾಜರಾಜೇಶ್ವರಿ ದೇವಸ್ಥಾನದ ಜಾತ್ರೆಯ ಚೆಂಡಾಟವು ಅವರ ಬಾಯಲ್ಲಿ ‘ಪುರಲ್ದ ಚೆಂಡು’. ಇವೆರಡನ್ನು ಒಂದೇ ಶಬ್ದದ ಎರಡು ರೂಪಗಳೆಂದು ನಾವು ಭಾವಿಸುತ್ತೇವೆ. ಪಟ್ಟಣವೆಂಬ ಅರ್ಥದ ‘ಪೊೞಲ್’ ಹಳಗನ್ನಡದಲ್ಲಿದೆ. ಅದರ ೞಕಾರ ಕನ್ನಡದಲ್ಲಿ ಳಕಾರವಾಯಿತು. ತುಳುವಿನಲ್ಲಿ ಹಲವೆಡೆ ರಕಾರವಾಗಿದೆ: ಕೋಳಿ–ಕೋರಿ, ಹುಳು–ಪುರಿ. ಮೊದಲ ಸ್ವರದ ಭೇದಕ್ಕೆ ಹಳಗನ್ನಡದ ಪೊಗೆ, ತುಳುವಿನ ಪುಗೆ ಸಾಕ್ಷಿ. ಮಲಯಾಳವಾದರೋ ಕೋೞಿ, ಪುೞು ಎಂದು ೞಕಾರವನ್ನು ಉಳಿಸಿಕೊಂಡಿದೆ.

ಈ ಧ್ವನಿಭೇದದ ಗೆರೆಗೂ ರಾಜ್ಯದ ಗೆರೆಗೂ ಸಂಬಂಧವಿಲ್ಲ. ಬಂಟ್ವಾಳ ತಾಲೂಕಿನ ದಕ್ಷಿಣದ ಅಂಚಿನಲ್ಲಿ ಕರ್ನಾಟಕ ಮುಗಿಯುತ್ತದೆ. ‘ಕೋರಿ’ ಮುಗಿಯುವುದಿಲ್ಲ, ಮಂಜೇಶ್ವರವನ್ನು ದಾಟಿ ನಡೆಯುತ್ತದೆ. ಚಂದ್ರಗಿರಿ ಮತ್ತು ಕಲ್ಯಾಣಪುರ ನದಿಗಳನ್ನು ತುಳುವಿನ ಪ್ರಾಚೀನ ಎಲ್ಲೆಗಳೆಂದು ಕಾಲ್ಡ್‌ವೆಲ್ ಗುರುತಿಸಿದ್ದರು.

1799ರಲ್ಲಿ ಬ್ರಿಟಿಷರ ವಶವಾದ ಕೆನರಾ ಮುಂದೆ ಎರಡು ಜಿಲ್ಲೆಗಳಾಯಿತು. 1862ರಲ್ಲಿ ಉತ್ತರ ಕೆನರಾ ಮುಂಬಯಿ ಪ್ರಾಂತಕ್ಕೆ ಸೇರಿ, ದಕ್ಷಿಣ ಕೆನರಾ ಮದರಾಸಿನಲ್ಲಿ ಉಳಿಯಿತು. ರಾಜ್ಯ ಪುನರ್ವಿಂಗಡಣಾ ಆಯೋಗದ 1955ರ ವರದಿ ಕಾಸರಗೋಡು ತಾಲೂಕನ್ನು ಇಡಿಯಾಗಿ ಕೇರಳಕ್ಕೆ ಶಿಫಾರಸು ಮಾಡಿತು. 1956ರ ನವೆಂಬರ್ 1ರಂದು ಹಾಗೆಯೇ ಆಯಿತು. ಆ ತಾಲೂಕಿನ ನಡುವೆ ಹರಿಯುವ ಚಂದ್ರಗಿರಿಯ ಎರಡು ದಡಗಳ ಭಾಷಾಸ್ಥಿತಿ ಒಂದೇ ಆಗಿರಲಿಲ್ಲ. ತಾಲೂಕನ್ನು ಅಖಂಡ ಘಟಕವೆಂದು ಹಿಡಿದ ಕ್ಷಣದಲ್ಲಿಯೇ ಈ ಭೇದ ಲೆಕ್ಕದಿಂದ ಹೊರಗುಳಿಯಿತು. ನದಿಯ ಉತ್ತರದ ಭಾಗ ಮೈಸೂರಿಗೆ ಸೇರಬೇಕೆಂದು ಮಹಾಜನ ಆಯೋಗ 1967ರಲ್ಲಿ ಹೇಳಿತು; ಅದು ಜಾರಿಗೆ ಬರಲಿಲ್ಲ.

ಆದರೆ ನದಿಯನ್ನು ಸಹಜ ಭಾಷಾಗಡಿಯೆಂದು ಒಪ್ಪಲು ನಾವು ಹಿಂಜರಿಯುತ್ತೇವೆ. ಫಲ್ಗುಣಿಯ ಎರಡು ದಡಗಳಲ್ಲಿಯೂ ತುಳುವೇ ಇದೆ. ಚಂದ್ರಗಿರಿಯ ಉತ್ತರದಲ್ಲಿ ಮಲಯಾಳ ಭಾಷಿಕರೂ ದಕ್ಷಿಣದಲ್ಲಿ ಕನ್ನಡ, ತುಳು ಭಾಷಿಕರೂ ಇದ್ದಾರೆ. ಗೆರೆಯನ್ನು ಎಲ್ಲಿ ಎಳೆದರೂ ಯಾರಾದರೂ ಆಚೆ ಉಳಿಯುತ್ತಾರೆ. (ದಾಟುವುದಕ್ಕೆ ದೋಣಿ ಇದ್ದಲ್ಲಿ ನದಿ ಬೇರ್ಪಡಿಸಿದ್ದಕ್ಕಿಂತ ಕೂಡಿಸಿದ್ದೇ ಹೆಚ್ಚು.)

ನಮ್ಮ ಅಧ್ಯಯನಗಳಿಗೂ ಇದರ ಬಿಸಿ ತಟ್ಟಿದೆ. ಜನಗಣತಿಯ ಭಾಷಾ ಕೋಷ್ಟಕಗಳು ರಾಜ್ಯವಾರು ಸಿದ್ಧವಾಗುತ್ತವೆ. ಅವುಗಳನ್ನೇ ನೆಚ್ಚಿದರೆ ವಿಟ್ಲದ ತುಳು, ಮಂಜೇಶ್ವರದ ತುಳು ಎರಡು ಪುಟಗಳಲ್ಲಿ ಬೀಳುತ್ತವೆ. ೞಕಾರದ ಪ್ರತಿರೂಪಗಳನ್ನು ಪೊಳಲಿಯಿಂದ ಚಂದ್ರಗಿರಿಯವರೆಗೆ ಗ್ರಾಮವನ್ನೇ ಘಟಕವಾಗಿಟ್ಟು ದಾಖಲಿಸುವುದು ಮೊದಲು ಆಗಬೇಕಾದ ಕೆಲಸ. ನಡುವೆ ತಪಾಸಣಾ ಠಾಣೆ ಇರುವುದು ಆ ನಕ್ಷೆಯಲ್ಲಿ ಕಾಣಬೇಕಾಗಿಲ್ಲ.