ಕಲ್ಲಿಗೂ ಹೆಂಚಿಗೂ ಒಂದೇ ಮಳೆ

ಶೃಂಗೇರಿಯ ವಿದ್ಯಾಶಂಕರ ದೇಗುಲದೊಳಗೆ ಕಾಲಿಟ್ಟ ಪ್ರವಾಸಿಗ ಮೊದಲು ಹುಡುಕುವುದು ತನ್ನ ರಾಶಿಯ ಕಂಬವನ್ನು. ಮೇಷವೋ ಮೀನವೋ ಕಣ್ಣಿಗೆ ಬಿದ್ದರೆ ಅದಕ್ಕೊಂದು ಕೈಮುಗಿದು, ಸಿಂಹದ ಬಾಯಲ್ಲಿ ಉರುಳುವ ಕಲ್ಲಿನ ಗುಂಡನ್ನು ಕಂಡು ಬೆರಗಾಗಿ, ತುಂಗೆಯ ಮೀನು ನೋಡಲು ಮೆಟ್ಟಿಲಿಳಿಯುತ್ತಾನೆ. ಹೊರಗೆ ನಿಂತು ಗುಡಿಯ ಮಾಡಿನ ಕಡೆ ಕತ್ತೆತ್ತಿ ನೋಡುವವರು ಕಡಿಮೆ.

ಆದರೆ ವಾಸ್ತುಶಿಲ್ಪವನ್ನು ಕಲಿಯಹೊರಟ ವಿದ್ಯಾರ್ಥಿಗೆ ಮೊದಲ ಪಾಠ ಇರುವುದು ಅಲ್ಲಿಯೇ. ಬಯಲುಸೀಮೆಯ ಗುಡಿಗಳ ಮೇಲ್ಛಾವಣಿ ಬಹುಮಟ್ಟಿಗೆ ಚಪ್ಪಟೆ. ಇಲ್ಲಿಯದು ಇಳಿಜಾರು. ಕಲ್ಲಿನಲ್ಲೇ ಕಟ್ಟಿದರೂ ಅದು ಮಳೆನಾಡಿನ ಮಾಡು. ಗುಡಿಯಿಂದ ನಾಲ್ಕು ಹೆಜ್ಜೆ ಆಚೆ ಹೋಗಿ ಹಳೆಯ ಹೆಂಚಿನ ಮನೆಯೊಂದನ್ನು ನೋಡಿದರೆ ಅಲ್ಲಿಯೂ ಅದೇ ಇಳಿಜಾರು. ದೇವರ ಮನೆ ಕಟ್ಟಿದವನೂ ರೈತನ ಮನೆ ಕಟ್ಟಿದವನೂ ಒಂದೇ ಪ್ರಶ್ನೆಗೆ ಉತ್ತರ ಹುಡುಕಿದ್ದರು. ವಿನ್ಯಾಸ ಎಂಬ ವಿದ್ಯೆ ಶುರುವಾಗುವುದು ಗೆರೆಯಿಂದಲ್ಲ, ಇಂಥ ಪ್ರಶ್ನೆಯಿಂದ.

ಮೊದಲು ಪ್ರಶ್ನೆ, ಆಮೇಲೆ ಗೆರೆ

ಆರ್ಕಿಟೆಕ್ಚರ್ ಕಾಲೇಜಿಗೆ ಸೇರುವ ಹುಡುಗ ಹುಡುಗಿಯರಲ್ಲಿ ಅನೇಕರಿಗೆ ಚಿತ್ರ ಬರೆಯುವ ಕೈ ಇರುತ್ತದೆ. ಅಂದವಾದ ಮುಂಭಾಗ ಬರೆದರೆ ಕಟ್ಟಡವಾಯಿತು ಎಂಬ ಭಾವನೆಯೂ ಇರುತ್ತದೆ. ಒಳ್ಳೆಯ ಅಧ್ಯಾಪಕರು ಮೊದಲು ಮಾಡುವ ಕೆಲಸವೆಂದರೆ ಆ ಪೆನ್ಸಿಲನ್ನು ಸ್ವಲ್ಪ ಹೊತ್ತು ಕೆಳಗಿಡಿಸುವುದು. ಈ ಕಟ್ಟಡ ಯಾರಿಗೆ? ಅಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಏನೇನು ನಡೆಯುತ್ತದೆ? ಗಾಳಿ, ಮಳೆ, ಬಿಸಿಲು ಯಾವ ಕಡೆಯಿಂದ ಬರುತ್ತವೆ? ಹತ್ತಿರದಲ್ಲಿ ಯಾವ ಸಾಮಗ್ರಿ ಸಿಗುತ್ತದೆ, ಅದನ್ನು ಬಲ್ಲ ಕೆಲಸಗಾರರು ಯಾರು? ಕಟ್ಟಿದ ಮೇಲೆ ಅದನ್ನು ನೋಡಿಕೊಳ್ಳುವವರು ಯಾರು? ಇಷ್ಟಕ್ಕೆ ಉತ್ತರ ಸಿಕ್ಕದೆ ಎಳೆದ ಗೆರೆ ಬರಿಯ ಅಲಂಕಾರ.

ಎರಡು ಸಾವಿರ ವರ್ಷಗಳ ಹಿಂದೆ ರೋಮಿನ ವಿಟ್ರೂವಿಯಸ್ ಕಟ್ಟಡಕ್ಕೆ ಮೂರು ಗುಣ ಬೇಕೆಂದ: ಗಟ್ಟಿತನ, ಉಪಯುಕ್ತತೆ, ಚೆಲುವು. ಚೆಲುವು ಒಂಟಿಯಾಗಿ ನಿಲ್ಲುವುದಿಲ್ಲ ಎಂಬುದು ಅದರ ಅರ್ಥ. ನಮ್ಮ ‘ಮಯಮತ’, ‘ಮಾನಸಾರ’ಗಳೂ ಕಟ್ಟುವ ಮೊದಲು ನೆಲವನ್ನು ಪರೀಕ್ಷಿಸಬೇಕೆಂದು ವಿವರವಾಗಿ ಹೇಳುತ್ತವೆ. ಅವುಗಳ ಪ್ರಕಾರ ಕಟ್ಟಡ ಒಬ್ಬನ ಕೆಲಸವಲ್ಲ. ಇಡೀ ಕಟ್ಟಡವನ್ನು ಮನಸ್ಸಿನಲ್ಲಿ ಕಾಣುವವನು ಸ್ಥಪತಿ. ದಾರ ಹಿಡಿದು ಅಳತೆ ಗುರುತಿಸುವವನು ಸೂತ್ರಗ್ರಾಹಿ. ಕಲ್ಲು ಮರಗಳನ್ನು ಕಡಿದು ರೂಪಿಸುವವನು ತಕ್ಷಕ. ಅವನ್ನು ಜೋಡಿಸುವವನು ವರ್ಧಕಿ. ಇಂದಿನ ಆರ್ಕಿಟೆಕ್ಟ್, ನಕ್ಷೆಗಾರ, ಮೇಸ್ತ್ರಿ, ಬಡಗಿ ಇವರೆಲ್ಲರ ಹಿರಿಯರು ಇವರೇ ಎನ್ನಬಹುದು.

ನೆರಳಿನಿಂದ ಹಿಡಿದ ದಿಕ್ಕು

ಸ್ಥಪತಿಯ ಮೊದಲ ಕೆಲಸ ದಿಕ್ಕು ಹಿಡಿಯುವುದು. ಅದಕ್ಕೆ ಬೇಕಾದದ್ದು ಒಂದು ಕೋಲು, ಒಂದು ದಾರ. ಸಮತಟ್ಟು ನೆಲದ ಮೇಲೆ ಶಂಕು ಎಂಬ ಕೋಲನ್ನು ನೆಟ್ಟಗೆ ನಿಲ್ಲಿಸಿ, ಅದನ್ನೇ ನಡುಬಿಂದುವಾಗಿಸಿ ಒಂದು ವೃತ್ತ ಬರೆಯುತ್ತಾರೆ. ಬೆಳಿಗ್ಗೆ ಕೋಲಿನ ನೆರಳು ಉದ್ದವಾಗಿದ್ದು ಕ್ರಮೇಣ ಕುಗ್ಗುತ್ತದೆ. ಅದರ ತುದಿ ವೃತ್ತವನ್ನು ಮುಟ್ಟಿದಲ್ಲಿ ಒಂದು ಗುರುತು. ಮಧ್ಯಾಹ್ನದ ನಂತರ ನೆರಳು ಮತ್ತೆ ಬೆಳೆದು ವೃತ್ತವನ್ನು ದಾಟುವಲ್ಲಿ ಇನ್ನೊಂದು ಗುರುತು. ಎರಡನ್ನೂ ಸೇರಿಸಿದರೆ ಪೂರ್ವ-ಪಶ್ಚಿಮದ ಗೆರೆ ಸಿದ್ಧ. ಯಾವ ಶಾಲೆಯ ಅಂಗಳದಲ್ಲಿಯಾದರೂ ಮಕ್ಕಳು ಇದನ್ನು ಒಂದು ದಿನದಲ್ಲಿ ಮಾಡಿ ನೋಡಬಹುದು.

ಈ ಸೂಕ್ಷ್ಮ ವಿದ್ಯಾಶಂಕರ ದೇಗುಲದಲ್ಲಿ ಎದ್ದು ಕಾಣುತ್ತದೆ. ಶೃಂಗೇರಿ ಪೀಠದ ವಿದ್ಯಾತೀರ್ಥರ ಸಮಾಧಿಯ ಮೇಲೆ ಎದ್ದ ಗುಡಿ ಇದು. ಸಂಪ್ರದಾಯ ಹೇಳುವ ವರ್ಷ ಕ್ರಿ.ಶ. 1338. ಅದು ವಿಜಯನಗರದ ಆರಂಭದ ಕಾಲ. 1346ರಲ್ಲಿ ಹರಿಹರ ಮತ್ತು ಅವನ ಸೋದರರು ಶೃಂಗೇರಿಗೆ ದತ್ತಿ ಕೊಟ್ಟ ಶಾಸನ ಇಲ್ಲಿಯೇ ಇದೆ. ಪೂರ್ವಕ್ಕೆ ಮುಖ ಮಾಡಿದ ಗುಡಿಯ ನವರಂಗದಲ್ಲಿ ಹನ್ನೆರಡು ರಾಶಿಗಳ ಹನ್ನೆರಡು ಕಂಬಗಳಿವೆ. ಸೂರ್ಯ ಯಾವ ರಾಶಿಯಲ್ಲಿರುವನೋ ಆ ರಾಶಿಯ ಕಂಬದ ಮೇಲೆ ಬೆಳಗಿನ ಕಿರಣ ಬೀಳುತ್ತದೆಂಬುದು ಪ್ರತೀತಿ. ನೆಲದ ಮೇಲೆ ನೆರಳಿನ ದಿಕ್ಕು ತೋರುವ ಗೆರೆಗಳುಳ್ಳ ವೃತ್ತವೂ ಇದೆ.

ಇದರ ಹಿಂದಿನ ಲೆಕ್ಕ ಸರಳ. ಸೂರ್ಯ ದಿನವೂ ನೇರ ಪೂರ್ವದಲ್ಲಿ ಹುಟ್ಟುವುದಿಲ್ಲ. ಶೃಂಗೇರಿಯ ಅಕ್ಷಾಂಶದಲ್ಲಿ ಅವನು ಡಿಸೆಂಬರ್ ಕೊನೆಯಲ್ಲಿ ಪೂರ್ವದಿಂದ ಸುಮಾರು 24 ಡಿಗ್ರಿ ದಕ್ಷಿಣಕ್ಕೂ, ಜೂನ್ ಕೊನೆಯಲ್ಲಿ ಅಷ್ಟೇ ಉತ್ತರಕ್ಕೂ ಸರಿದು ಹುಟ್ಟುತ್ತಾನೆ. ಕಂಬಗಳನ್ನು ರಾಶಿಯ ಕ್ರಮದಲ್ಲಿ ನಿಲ್ಲಿಸುವ ಕಲ್ಪನೆ ಬರಬೇಕಾದರೆ ಯಾರೋ ವರ್ಷವಿಡೀ ಆಕಾಶವನ್ನು ಗಮನಿಸಿರಲೇಬೇಕು.

ಕಲ್ಲು ಕೊಟ್ಟ ಉತ್ತರ

ಈ ಗುಡಿಯ ತಳವಿನ್ಯಾಸವೂ ವಿಶೇಷವೇ. ಎತ್ತರದ ಜಗತಿಯ ಮೇಲೆ ನಿಂತ ಕಟ್ಟಡದ ಎರಡು ತುದಿಗಳೂ ಗುಂಡಗೆ ಬಾಗಿವೆ. ಆರು ಬಾಗಿಲುಗಳಿವೆ. ಗರ್ಭಗುಡಿಯ ಮೇಲಿನ ವಿಮಾನ ದ್ರಾವಿಡ ರೀತಿಯದು. ಹೊರಗೋಡೆಯ ಮೂಲೆಗಳು ಮತ್ತು ಸಾಲು ಸಾಲು ಮೂರ್ತಿಗಳು ಹೊಯ್ಸಳ ಗುಡಿಗಳನ್ನು ನೆನಪಿಸುತ್ತವೆ. 1117ರ ಬೇಲೂರಿನ ಚೆನ್ನಕೇಶವ ದೇವಾಲಯ ಇಲ್ಲಿಗೆ ದೂರವೇನಲ್ಲ. ಸ್ಥಪತಿ ಎರಡೂ ಸಂಪ್ರದಾಯಗಳನ್ನು ಬಲ್ಲವನು, ಎರಡನ್ನೂ ಹಾಗೆಯೇ ಎತ್ತಿಡಲಿಲ್ಲ. ಮುಖ್ಯವಾಗಿ, ಮಾಡಿನ ವಿಷಯದಲ್ಲಿ ಅವನು ಊರಿನ ಮಳೆಯ ಮಾತು ಕೇಳಿದ.

ಕಲ್ಲಿನಲ್ಲಿ ಇಳಿಜಾರು ಮಾಡುವುದು ಕರ್ನಾಟಕದ ಶಿಲ್ಪಿಗಳಿಗೆ ಹೊಸದಾಗಿರಲಿಲ್ಲ. ಐಹೊಳೆಯ ಲಾಡಖಾನ್ ಗುಡಿಯಲ್ಲಿ ಚಾಲುಕ್ಯರ ಕಾಲದಲ್ಲೇ ಇಳಿಜಾರಾಗಿ ಕಲ್ಲಿನ ಚಪ್ಪಡಿ ಹೊದಿಸಿ, ಎರಡು ಚಪ್ಪಡಿ ಕೂಡುವ ಸಂದಿನ ಮೇಲೆ ಉದ್ದನೆಯ ಕಲ್ಲಿನ ಪಟ್ಟಿ ಕೂರಿಸಿದ್ದಾರೆ. ಮರದ ಮಾಡಿನ ಉಪಾಯ ಕಲ್ಲಿಗೆ ಬಂದದ್ದು ಹೀಗೆ. ಕರಾವಳಿಯ ಭಟ್ಕಳದ ಗುಡಿ ಬಸದಿಗಳಲ್ಲೂ ಚಪ್ಪಡಿಯ ಇಳಿಜಾರು ಮಾಡುಗಳಿವೆ.

ಇಷ್ಟು ದೊಡ್ಡ ಕೆಲಸವನ್ನು ಮನಸ್ಸಿನಲ್ಲೇ ಲೆಕ್ಕ ಹಾಕಿ ಮುಗಿಸಲಾಗದು. ಬರೆದು ನೋಡಬೇಕು, ಅಳಿಸಬೇಕು, ಮತ್ತೆ ಬರೆಯಬೇಕು. ಇದಕ್ಕೆ ಒಳ್ಳೆಯ ಸಾಕ್ಷಿ ಇರುವುದು ದೂರದ ಮಧ್ಯಪ್ರದೇಶದ ಭೋಜಪುರದಲ್ಲಿ. ಅಲ್ಲಿ 11ನೇ ಶತಮಾನದ ದೊಡ್ಡ ಶಿವಾಲಯ ಅರ್ಧಕ್ಕೇ ನಿಂತಿತು. ಸುತ್ತಲ ಬಂಡೆಗಳ ಮೇಲೆ ಕಂಬ, ಶಿಖರ, ತಳವಿನ್ಯಾಸಗಳ ರೇಖಾಚಿತ್ರಗಳು ಇಂದಿಗೂ ಉಳಿದಿವೆ. ಮುಗಿದ ಗುಡಿ ಮುಚ್ಚಿಡುವ ವಿನ್ಯಾಸದ ಗುಟ್ಟನ್ನು ಮುಗಿಯದ ಗುಡಿ ಬಿಟ್ಟುಕೊಟ್ಟಿದೆ. ಇಂದಿನ ವಿದ್ಯಾರ್ಥಿ ಹತ್ತು ಹಾಳೆ ಹರಿದು ಹನ್ನೊಂದನೆಯದನ್ನು ಗುರುವಿಗೆ ತೋರಿಸುವಾಗ ನಾಚಬೇಕಾದ್ದಿಲ್ಲ.

ಹೆಂಚು ಕೊಟ್ಟ ಉತ್ತರ

ಆಗುಂಬೆಗೆ ಸಮೀಪದ ಶೃಂಗೇರಿಯಲ್ಲಿ ವರ್ಷದ ಮಳೆ 3,000 ಮಿ.ಮೀ. ದಾಟುವುದು ಸಾಮಾನ್ಯ. ಬೆಂಗಳೂರಿನಲ್ಲಿ ಸರಾಸರಿ 1,000 ಮಿ.ಮೀ.ಗೂ ಕಡಿಮೆ. ಒಂದು ಚದರ ಮೀಟರಿನ ಮೇಲೆ ಒಂದು ಮಿ.ಮೀ. ಮಳೆಯೆಂದರೆ ಒಂದು ಲೀಟರ್ ನೀರು. ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲದ ಮನೆಯ ಮೇಲೆ 3,000 ಮಿ.ಮೀ. ಸುರಿದರೆ ಮೂರು ಲಕ್ಷ ಲೀಟರ್. ಅದರ ಬಹುಪಾಲು ನಾಲ್ಕೇ ತಿಂಗಳಲ್ಲಿ. ಈ ನೀರಿಗೆ ನಿಲ್ಲಲು ಜಾಗ ಕೊಡದಿರುವುದೇ ಮಲೆನಾಡಿನ ಮನೆಯ ಮೂಲಮಂತ್ರ.

ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ 1904ರಲ್ಲಿ ಹುಟ್ಟಿದ ಕುವೆಂಪು ಬೆಳೆದದ್ದು ಪಕ್ಕದ ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ. ಅಲ್ಲಿಯ ಮೂರು ಅಂತಸ್ತಿನ ತೊಟ್ಟಿಮನೆ ಇಂದು ಸ್ಮಾರಕ. ಇಂಥ ಮನೆಗಳನ್ನು ಓದಲು ಅದಕ್ಕಿಂತ ಒಳ್ಳೆಯ ಪುಸ್ತಕವಿಲ್ಲ. ಮಾಡು ಗೋಡೆಯನ್ನು ದಾಟಿ ಬಹಳ ಮುಂದಕ್ಕೆ ಚಾಚಿರುತ್ತದೆ, ಎರಚಲು ಗೋಡೆಗೆ ತಾಗಬಾರದೆಂದು. ಆ ಚಾಚಿನಡಿಯಲ್ಲೇ ಜಗಲಿ: ಬಂದವರು ಕೂರಲು, ಮಳೆಗಾಲದ ಕೆಲಸ ಮಾಡಲು. ನಡುವಿನ ತೊಟ್ಟಿ ಒಳಗಿನ ಕೋಣೆಗಳಿಗೆ ಬೆಳಕು ಗಾಳಿ ಕೊಡುತ್ತದೆ. ಒಳಮಾಡುಗಳ ನೀರು ಅಲ್ಲಿಗೇ ಬಿದ್ದು ಮೋರಿಯಲ್ಲಿ ಹೊರಹೋಗುತ್ತದೆ. ಅಟ್ಟ ಬಿಸಿಲನ್ನು ತಡೆಯುತ್ತದೆ, ದವಸವನ್ನು ಒಣಗಿದ್ದಂತೆ ಕಾಯುತ್ತದೆ. ಅಡುಗೆಮನೆಯ ಹೊಗೆ ಮೇಲೇರಿ ಮರವನ್ನು ಹುಳದಿಂದ ಉಳಿಸುತ್ತದೆ. ಮಳೆ ಬಡಿಯುವ ಕಡೆಗೆ ಅಡಕೆ ಸೋಗೆಯ ತಟ್ಟಿ ಕಟ್ಟುವ ರೂಢಿಯೂ ಇತ್ತು. ಒಂದೊಂದು ಅಂಗಕ್ಕೂ ಎರಡೆರಡು ಕೆಲಸ.

ಹುಲ್ಲು, ಸೋಗೆ, ನಾಡಹೆಂಚುಗಳ ಜಾಗಕ್ಕೆ ಮಂಗಳೂರು ಹೆಂಚು ಬಂದದ್ದು ಈಚೆಗೆ. ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಮೊದಲ ಹೆಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಒಂದಕ್ಕೊಂದು ಕಚ್ಚಿಕೊಳ್ಳುವ ಆ ಹೆಂಚಿಗೂ ತನ್ನದೇ ನಿಯಮವಿದೆ. ಇಳಿಜಾರು ತಗ್ಗಿದರೆ ಗಾಳಿಗೆ ಸಿಕ್ಕ ನೀರು ಸಂದಿನಲ್ಲಿ ಹಿಂದಕ್ಕೆ ಏರುತ್ತದೆ. ತೀರ ಕಡಿದಾದರೆ ಹೆಂಚು ಜಾರುತ್ತದೆ. ನಡುವಿನ ಹದವನ್ನು ಬಡಗಿಗಳು ಅನುಭವದಿಂದ ಕಂಡುಕೊಂಡರು.

ತಾರಸಿಯ ಮೇಲೊಂದು ಮಾಡು

ಇಂದು ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಬೀದಿಗಳಲ್ಲಿ ಒಂದು ವಿಚಿತ್ರ ನೋಟ ಕಾಣುತ್ತದೆ. ಕಾಂಕ್ರೀಟಿನ ಚಪ್ಪಟೆ ತಾರಸಿ, ಅದರ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ತಗಡಿನ ಇಳಿಜಾರು ಮಾಡು. ಒಂದು ಮನೆಗೆ ಎರಡು ಸೂರು. ಬಿಸಿಲಿಗೆ ಹಿಗ್ಗಿ ತಂಪಿಗೆ ಕುಗ್ಗಿ ತಾರಸಿಯಲ್ಲಿ ಕೂದಲೆಳೆಯ ಬಿರುಕು ಬೀಳುತ್ತದೆ. ತಿಂಗಳುಗಟ್ಟಲೆ ನಿಂತ ನೀರು ಅದರಲ್ಲಿ ಇಳಿದು ಒಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ. ಗೋಡೆ ತೇವವಾಗುತ್ತದೆ. ಕೊನೆಗೆ ಮನೆಯವರು ಮತ್ತೆ ಸಾಲ ಮಾಡಿ ತಗಡು ಹೊದಿಸುತ್ತಾರೆ. ಮೊದಲೇ ಕೇಳಬೇಕಿದ್ದ ಪ್ರಶ್ನೆಯನ್ನು ಆಮೇಲೆ ಕೇಳಿದ್ದಕ್ಕೆ ತೆರುವ ದಂಡ ಇದು.

ಹಾಗೆಂದು ತಾರಸಿ ಕಟ್ಟಿದವರನ್ನು ಹಳಿಯುವುದು ಸುಲಭ, ಆದರೆ ನ್ಯಾಯವಲ್ಲ. ಮರ ದುಬಾರಿಯಾಗಿದೆ. ಪಕಾಸಿ ರೀಪುಗಳಿಗೆ ಗೆದ್ದಲಿನ ಕಾಟ. ಮಂಗಗಳು ಮಾಡಿಗೆ ಹಾರಿದರೆ ಹೆಂಚು ಪುಡಿ. ವರ್ಷವರ್ಷವೂ ಮಳೆಗೆ ಮುಂಚೆ ಹೆಂಚು ಕೈಯಾಡಿಸಲು ಆಳು ಸಿಗುವುದಿಲ್ಲ. ಹತ್ತಾರು ಜನರಿದ್ದ ಮನೆಯಲ್ಲಿ ಇಬ್ಬರು ಮುದುಕರಷ್ಟೇ ಉಳಿದಾಗ ತೊಟ್ಟಿಮನೆ ಭಾರವೇ. ನೋಡಿಕೊಳ್ಳುವವರು ಯಾರು ಎಂಬುದೂ ವಿನ್ಯಾಸದ ಪ್ರಶ್ನೆಯೇ ಅಲ್ಲವೇ? ಆದ್ದರಿಂದ ಹಳೆಯ ಮನೆಯನ್ನು ಹಾಗೆಯೇ ನಕಲು ಮಾಡುವುದರಲ್ಲಿ ಅರ್ಥವಿಲ್ಲ. ಅದನ್ನು ಕಟ್ಟಿದವರು ಯೋಚಿಸಿದ ಕ್ರಮದಲ್ಲಿ ಇಂದಿನ ಕುಟುಂಬ, ಇಂದಿನ ಸಾಮಗ್ರಿ, ಇಂದಿನ ಕೂಲಿಯನ್ನು ಇಟ್ಟು ಯೋಚಿಸಬೇಕು. ಶೃಂಗೇರಿಯಿಂದ ಪೂರ್ವಕ್ಕೆ ನರಸಿಂಹರಾಜಪುರದ ಕಡೆ ಸರಿದಂತೆ ಮಳೆಯೇ ಗಣನೀಯವಾಗಿ ತಗ್ಗುತ್ತದೆ. ಒಂದೇ ಜಿಲ್ಲೆಯ ಎರಡು ಊರುಗಳಿಗೂ ಒಂದೇ ನಕ್ಷೆ ಹೊಂದದು.

ಅಳೆದು ಕಲಿಯುವ ವಿದ್ಯೆ

1919ರಲ್ಲಿ ಜರ್ಮನಿಯ ವೈಮಾರ್‌ನಲ್ಲಿ ವಾಲ್ಟರ್ ಗ್ರೋಪಿಯಸ್ ಬೌಹೌಸ್ ಶಾಲೆ ತೆರೆದಾಗ, ಹೊಸಬರು ಮೊದಲು ಮರ, ಲೋಹ, ಬಟ್ಟೆ, ಕಾಗದಗಳನ್ನು ಕೈಯಾರೆ ಮುಟ್ಟಿ ಅವುಗಳ ಗುಣ ತಿಳಿಯಬೇಕಿತ್ತು. ಜಗತ್ತಿನ ಹಲವಾರು ಶಾಲೆಗಳು ಆ ಕ್ರಮವನ್ನು ಎತ್ತಿಕೊಂಡವು. ಭಾರತದಲ್ಲಿ ಆರ್ಕಿಟೆಕ್ಟ್ ಎಂಬ ವೃತ್ತಿಗೆ ಕಾನೂನಿನ ಚೌಕಟ್ಟು ಬಂದದ್ದು 1972ರ ಕಾಯಿದೆಯಿಂದ. ಐದು ವರ್ಷದ ಪದವಿಯಲ್ಲಿ ವಿದ್ಯಾರ್ಥಿಗಳು ಹಳೆಯ ಕಟ್ಟಡವೊಂದನ್ನು ಟೇಪು ಹಿಡಿದು ಅಳೆದು ನಕ್ಷೆ ಬರೆಯುವ ಅಭ್ಯಾಸ ಅನೇಕ ಕಾಲೇಜುಗಳಲ್ಲಿದೆ. ಮೇಲಿನಿಂದ ಕಂಡಂತೆ ಒಂದು, ಎದುರಿನಿಂದ ಒಂದು, ಕಟ್ಟಡವನ್ನು ನಡುವೆ ಸೀಳಿದಂತೆ ಒಂದು. ಈ ಮೂರನೆಯ ನಕ್ಷೆ ಬರೆಯುವಾಗಲೇ ಅಟ್ಟ ಏಕಿದೆ, ಸೂರು ಏಕೆ ಅಷ್ಟು ಕೆಳಗೆ ಇಳಿದಿದೆ ಎಂಬುದು ಹೊಳೆಯುವುದು. ಕಣ್ಣು ತಪ್ಪಿಸಿಕೊಂಡದ್ದನ್ನು ಟೇಪು ಹಿಡಿದುಕೊಡುತ್ತದೆ.

ಆದರೆ ಅಳೆಯಲು ಮನೆ ಉಳಿದಿರಬೇಕು. ವಿದ್ಯಾಶಂಕರ ದೇಗುಲಕ್ಕೆ ಸರ್ಕಾರದ ರಕ್ಷಣೆಯಿದೆ, ಕುಪ್ಪಳಿಯ ಮನೆಗೆ ಕವಿಯ ಹೆಸರಿನ ರಕ್ಷಣೆಯಿದೆ. ಹೆಸರಿಲ್ಲದ ತೊಟ್ಟಿಮನೆಗಳಿಗೆ ಯಾವುದೂ ಇಲ್ಲ. ಪಾಲಾದಾಗ, ಮಾರಾಟವಾದಾಗ ಅವುಗಳ ಕೆತ್ತನೆಯ ಕಂಬ ಬಾಗಿಲುಗಳು ಲಾರಿ ಹತ್ತಿ ಬೇರೆಲ್ಲಿಗೋ ಅಲಂಕಾರಕ್ಕೆ ಹೋಗುತ್ತವೆ. ಕಂಬ ಎಲ್ಲಿ ಹೋದರೂ ಕಂಬವೇ. ಅದು ಅಲ್ಲಿಯೇ, ಅಷ್ಟೇ ಎತ್ತರಕ್ಕೆ ಏಕೆ ನಿಂತಿತ್ತು ಎಂಬ ವಿವೇಕ ಮಾತ್ರ ಲಾರಿ ಹತ್ತುವುದಿಲ್ಲ. ಎಲ್ಲ ಮನೆಗಳನ್ನೂ ಉಳಿಸಿಕೊಳ್ಳಲಾಗದು ನಿಜ. ಕೆಡವುವ ಮೊದಲು ಒಮ್ಮೆ ಅಳೆದು ಬರೆದಿಟ್ಟುಕೊಳ್ಳಲು ದೊಡ್ಡ ಖರ್ಚೇನೂ ಇಲ್ಲ. ಒಂದು ಟೇಪು, ನಾಲ್ಕು ಹಾಳೆ, ಮನೆಯ ಹಿರಿಯರ ನೆನಪು ಇಷ್ಟಿದ್ದರೆ ಸಾಕು. ಆರ್ಕಿಟೆಕ್ಚರ್ ಓದಲು ಮಲೆನಾಡಿನಿಂದ ಪೇಟೆಗೆ ಹೋದ ಮಕ್ಕಳು ರಜೆಗೆ ಊರಿಗೆ ಬಂದಾಗ ತಮ್ಮ ಅಜ್ಜನ ಮನೆಯಿಂದಲೇ ಅದನ್ನು ಶುರುಮಾಡಬಹುದು. ಮಳೆಗಾಲದಲ್ಲಿ ಬಂದರೆ ಇನ್ನೂ ಒಳ್ಳೆಯದು. ನೀರು ಎಲ್ಲಿ ಬೀಳುತ್ತದೆ, ಎಲ್ಲಿ ಹರಿಯುತ್ತದೆ ಎಂಬುದನ್ನು ಮಾಡೇ ತೋರಿಸಿಕೊಡುತ್ತದೆ.