ದುಬಾರಿ ಸ್ಟೆಂಟೇ ಒಳ್ಳೆಯದೇ?

ಹೃದಯದ ರಕ್ತನಾಳದಲ್ಲಿ ಬ್ಲಾಕ್ ಇದೆ, ಸ್ಟೆಂಟ್ ಹಾಕಬೇಕು ಎಂದು ವೈದ್ಯರು ಹೇಳಿದೊಡನೆ ಮನೆಯವರ ಪ್ರಶ್ನೆ: "ಯಾವುದು ಹಾಕಿಸೋದು?" ಬೆಲೆ ಹೆಚ್ಚಿದ್ದರೆ ಸುರಕ್ಷಿತ ಎಂಬ ನಂಬಿಕೆ ಎಷ್ಟು ನಿಜ? ನೋಡೋಣ.

ಮುಖ್ಯ ಬಗೆಗಳು ಮೂರು

ಬರೀ ಲೋಹದ ಸ್ಟೆಂಟ್: 1986ರಲ್ಲಿ ಮೊದಲು ಬಳಸಿದ್ದು ಇದನ್ನೇ. ನಾಳವನ್ನು ತೆರೆದಿಡುತ್ತದೆ. ಆದರೆ ಒಳಗೆ ಅಂಗಾಂಶ ಬೆಳೆದು ನಾಳ ಮತ್ತೆ ಕಿರಿದಾಗುವ ಸಾಧ್ಯತೆ ಹೆಚ್ಚು.

ಔಷಧ ಲೇಪಿತ ಸ್ಟೆಂಟ್: ಲೇಪನದಲ್ಲಿರುವ ಎವೆರೊಲಿಮಸ್‌ನಂಥ ಔಷಧ ನಿಧಾನವಾಗಿ ಹೊರಬಂದು ಆ ಬೆಳವಣಿಗೆಯನ್ನು ತಡೆಯುತ್ತದೆ. ಇಂದು ಬಹುಪಾಲು ರೋಗಿಗಳಿಗೆ ಹಾಕುವುದು ಇದನ್ನೇ.

ಕರಗುವ ಸ್ಟೆಂಟ್: ಕೆಲವು ವರ್ಷಗಳಲ್ಲಿ ಕರಗುತ್ತದೆ. ಹೊಸದೆಂದ ಮಾತ್ರಕ್ಕೆ ಮೇಲಲ್ಲ. ಅಬಾಟ್ ಕಂಪನಿಯ 'ಅಬ್ಸಾರ್ಬ್'ನಲ್ಲಿ ರಕ್ತ ಹೆಪ್ಪುಗಟ್ಟುವ ಪ್ರಕರಣಗಳು ಔಷಧ ಲೇಪಿತ ಲೋಹದ ಸ್ಟೆಂಟ್‌ಗಿಂತ ಹೆಚ್ಚು ಕಂಡುಬಂದವು. 2017ರಲ್ಲಿ ಅದರ ಮಾರಾಟ ನಿಂತಿತು.

ಬೆಲೆ ನೋಡಿ ಆರಿಸಬಹುದೇ?

ಬೇಡ. 2017ರಿಂದ ಭಾರತದಲ್ಲಿ ಸ್ಟೆಂಟ್‌ಗಳಿಗೆ ಸರ್ಕಾರ ಗರಿಷ್ಠ ಬೆಲೆ ನಿಗದಿಪಡಿಸಿದೆ. ದೇಶಿಯಿರಲಿ, ವಿದೇಶಿಯಿರಲಿ, ಔಷಧ ಲೇಪಿತ ಸ್ಟೆಂಟ್‌ಗಳಿಗೆ ಒಂದೇ ಮಿತಿ. ಆಸ್ಪತ್ರೆಯ ಬಿಲ್‌ನಲ್ಲಿ ಸ್ಟೆಂಟ್‌ನ ಬೆಲೆ ಪ್ರತ್ಯೇಕವಾಗಿ ಇರಬೇಕು, ಕೇಳಿ ನೋಡಿ.

ವೈದ್ಯರಿಗೆ ಏನು ಹೇಳಬೇಕು?

ಸ್ಟೆಂಟ್ ಹಾಕಿದ ಮೇಲೆ ಆಸ್ಪಿರಿನ್ ಜೊತೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇನ್ನೊಂದು ಮಾತ್ರೆಯೂ ಬೇಕು. ಸಾಮಾನ್ಯವಾಗಿ ಆರು ತಿಂಗಳು, ಹೃದಯಾಘಾತವಾಗಿದ್ದರೆ ಒಂದು ವರ್ಷ. ಹಾಗಾಗಿ ಹೊಟ್ಟೆಯ ಹುಣ್ಣು, ರಕ್ತಸ್ರಾವದ ತೊಂದರೆ, ಸದ್ಯದಲ್ಲೇ ಆಗಬೇಕಿರುವ ಬೇರೆ ಶಸ್ತ್ರಚಿಕಿತ್ಸೆ ಇದ್ದರೆ ಮೊದಲೇ ತಿಳಿಸಬೇಕು. ಸ್ಟೆಂಟ್‌ನ ಆಯ್ಕೆಯೂ ಮಾತ್ರೆಯ ಅವಧಿಯೂ ಇದರ ಮೇಲೆ ನಿಂತಿವೆ.

ನೆನಪಿಡಿ: ಚೆನ್ನಾಗಿದ್ದೇವೆಂದು ನಾವೇ ಮಾತ್ರೆ ನಿಲ್ಲಿಸಿದರೆ, ಎಂಥ ಉತ್ತಮ ಸ್ಟೆಂಟ್‌ ಕೂಡ ದಿಢೀರನೆ ಮುಚ್ಚಿಹೋಗಬಹುದು.